ಶಾಲೆಯೋ, ಮನೆಯೋ, ಇನ್ನೊಂದು ಶಾಲೆಯೋ: ಟಿ.ಸಿ. ತರುವ ಮೊದಲು ಅಳೆದು ನೋಡಬೇಕಾದದ್ದು

ಮೇ ತಿಂಗಳು ಬಂತೆಂದರೆ ಮೈಸೂರಿನ ನಮ್ಮ ಮನೆಗೆ ಒಂದೇ ಪ್ರಶ್ನೆ ಹೊತ್ತು ಯಾರಾದರೂ ಬರುತ್ತಾರೆ. ಈ ಸಲ ನಾದಿನಿಯ ಆಫೀಸಿನವರೊಬ್ಬರು ಬಂದರು, ಆಮೇಲೆ ಹಿಂದಿನ ಬೀದಿಯ ಗಂಡ ಹೆಂಡತಿ. "ಮಗನನ್ನ ಮನೇಲೇ ಓದಿಸ್ತಿದೀರಂತಲ್ಲ ಮೇಡಂ, ನಾವೂ ಹಾಗೇ ಮಾಡೋಣ ಅಂತಿದೀವಿ. ಸರಿ ಹೋಗುತ್ತಾ?"

ಇದಕ್ಕೆ ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ನಮ್ಮ ಮನೆಯಲ್ಲೇ ಎರಡು ಉತ್ತರ ಇವೆ. ಹದಿಮೂರು ವರ್ಷದ ಮಗ ಮೂರನೇ ತರಗತಿ ಮುಗಿಸಿ ಶಾಲೆ ಬಿಟ್ಟವನು, ಐದು ವರ್ಷದಿಂದ ಮನೆಯಲ್ಲೇ ಕಲಿಯುತ್ತಿದ್ದಾನೆ. ಒಂಬತ್ತು ವರ್ಷದ ಮಗಳು ಐದು ನಿಮಿಷದ ದಾರಿಯ ಸರ್ಕಾರಿ ಶಾಲೆಗೆ ನಡೆದು ಹೋಗುತ್ತಾಳೆ, ಮೈ ಬಿಸಿಯಾಗಿದ್ದರೂ ರಜೆ ಹಾಕಲು ಒಪ್ಪುವುದಿಲ್ಲ. ಇಬ್ಬರ ಬಗ್ಗೆಯೂ ನಾವು ಸರಿಯಾದದ್ದನ್ನೇ ಮಾಡಿದ್ದೇವೆ ಎಂದು ನನ್ನ ನಂಬಿಕೆ. ಹಾಗಾಗಿ ಬಂದವರಿಗೆ ಮೊದಲು ಒಂದು ಹಾಳೆ ಕೊಟ್ಟು, ಮಧ್ಯೆ ಗೆರೆ ಎಳೆಯಲು ಹೇಳುತ್ತೇನೆ. ಎಡಕ್ಕೆ "ಈ ಶಾಲೆ ಯಾಕೆ ಬೇಡ", ಬಲಕ್ಕೆ "ಮನೆಯೇ ಯಾಕೆ ಬೇಕು".

ಎಡಗಡೆ ಐದು ನಿಮಿಷದಲ್ಲಿ ತುಂಬುತ್ತದೆ. ಫೀಸು, ಹೋಂವರ್ಕು, ಹೊಡೆತ, ವ್ಯಾನಿನಲ್ಲಿ ಕಳೆಯುವ ಎರಡು ಗಂಟೆ, ಕನ್ನಡ ಮಾತಾಡಿದರೆ ದಂಡ. ಬಲಗಡೆ ಬರೆಯುವಾಗ ಪೆನ್ನು ನಿಲ್ಲುತ್ತದೆ. ನಮ್ಮದೂ ಒಂದು ತಿಂಗಳು ಖಾಲಿಯೇ ಇತ್ತು. ಎಡಗಡೆ ಬರೆದ ಎಷ್ಟೋ ಕಾರಣಗಳಿಗೆ ಮದ್ದು ಬೇರೆ ಶಾಲೆಯಲ್ಲಿದೆ, ಮನೆಯಲ್ಲಿ ಅಲ್ಲ. ಬಲಗಡೆ ಗಟ್ಟಿಯಾದ ಎರಡು ಕಾರಣವಾದರೂ ಇದ್ದರೆ ಮಾತ್ರ ಮನೆಪಾಠದ, ಅಂದರೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವ ಯೋಚನೆ ಮಾಡಿ.

ನಮ್ಮ ಹಾಳೆಯಲ್ಲಿ ಇದ್ದದ್ದು

ಮಗನಿಗೆ ಬೆಳಿಗ್ಗೆ ಏಳೂವರೆಗೆ ಹೊಟ್ಟೆನೋವು ಶುರುವಾಗುತ್ತಿತ್ತು. ವ್ಯಾನಿನ ಹಾರ್ನ್ ಕೇಳಿಸಿದರೆ ಜೋರಾಗುತ್ತಿತ್ತು, ವ್ಯಾನು ತಿರುವು ದಾಟಿತೆಂದರೆ ಇಳಿಯುತ್ತಿತ್ತು. ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ಡೈರಿಯ ತುಂಬ ಕೆಂಪು ಶಾಯಿ: ಬೋರ್ಡಿನ ಮೇಲಿದ್ದದ್ದನ್ನು ಪೂರ್ತಿ ಬರೆದುಕೊಂಡಿಲ್ಲ, ಅಕ್ಷರ ಕೆಟ್ಟದಾಗಿದೆ. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಿದ್ದ ಹುಡುಗ ಬರೆಯಲು ಕೂತರೆ ಬೆವರುತ್ತಿದ್ದ.

ಇಲ್ಲಿ ನಾವು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಶಾಲೆ ಬಿಡಿಸುವ ಮೊದಲು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದದ್ದು. ಮಾತು ಮತ್ತು ಕಿವಿಯ ತೊಂದರೆ ಮಾತ್ರವಲ್ಲ, ಕಲಿಕೆಯ ತೊಂದರೆಯನ್ನೂ ಅಲ್ಲಿ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ನಿಮ್ಮ ಮಗುವಿಗೂ ಓದು, ಬರಹ, ಲೆಕ್ಕ ಇವುಗಳಲ್ಲಿ ಒಂದರಲ್ಲಿ ಮಾತ್ರ ವಿಚಿತ್ರವಾಗಿ ತಡವರಿಕೆ ಕಂಡರೆ ಬೇರೆಲ್ಲಕ್ಕಿಂತ ಮೊದಲು ಇದನ್ನು ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಕೇಳಿದ್ದಕ್ಕೆ ಕಿವಿಗೊಡುವ ಶಾಲೆಯಾದರೆ ಅಷ್ಟರಲ್ಲೇ ಸಮಸ್ಯೆ ಮುಗಿಯುತ್ತದೆ, ಶಾಲೆ ಬಿಡುವ ಅಗತ್ಯವೇ ಬರುವುದಿಲ್ಲ. ನಮ್ಮ ಶಾಲೆಯಲ್ಲಿ "ಒಬ್ಬನಿಗೋಸ್ಕರ ಕ್ಲಾಸು ನಿಲ್ಲಿಸಕ್ಕಾಗಲ್ಲ" ಅಂದರು. ಒಂದೊಂದು ಸೆಕ್ಷನ್ನಿನಲ್ಲಿ ನಲವತ್ತೈದು ಮಕ್ಕಳಿದ್ದ ಆ ಟೀಚರ ಕಷ್ಟವೂ ನನಗೆ ಅರ್ಥವಾಗಿತ್ತು.

ಬಲಗಡೆ ಮೊದಲ ಸಾಲು ಬಂದದ್ದು ನನ್ನ ಮಾವನವರಿಂದ. ಕೆಟ್ಟುಹೋದ ಟೇಬಲ್ ಫ್ಯಾನನ್ನು ಅವರಿಬ್ಬರೂ ಹಜಾರದಲ್ಲಿ ಬಿಚ್ಚಿ ಹಾಕಿಕೊಂಡಿದ್ದರು. ಮಗ ಒಂದೊಂದೇ ಸ್ಕ್ರೂ ಬಿಚ್ಚಿದಂತೆ ಅದನ್ನು ತಟ್ಟೆಯಲ್ಲಿಟ್ಟು ಪಕ್ಕದಲ್ಲಿ ಸೀಮೆಸುಣ್ಣದಿಂದ ನಂಬರ್ ಬರೆಯುತ್ತಿದ್ದ. ಮೂರು ಗಂಟೆ ಕದಲಲಿಲ್ಲ. ಯಾರೂ ಹೇಳದೆ ಬರೆಯುತ್ತಿದ್ದ! ಅವನಿಗೆ ಬೇಕಾದದ್ದು ಒಂದೇ ಕೆಲಸದಲ್ಲಿ ಮುಳುಗಲು ಹೊತ್ತು. ನಲವತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸುವ ಯಾವ ಶಾಲೆಯೂ ಅದನ್ನು ಕೊಡಲಾರದು. ಎರಡನೆಯ ಸಾಲು ಕನ್ನಡ. ಮನೆಯ ಭಾಷೆಯಲ್ಲಿ ಯೋಚಿಸುವುದು ಗಟ್ಟಿಯಾಗಲಿ, ಇಂಗ್ಲಿಷ್ ಅದರ ಹೆಗಲ ಮೇಲೆ ಕೂರಲಿ ಎಂಬುದು ನನ್ನ ಆಸೆ.

ಯಾವುದರಿಂದ ಅಳೆಯಬೇಕು

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲುವ ಪ್ರಶ್ನೆ: ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಮನೆಯಲ್ಲಿ ಯಾರು ಇರುತ್ತಾರೆ? ಲ್ಯಾಪ್‌ಟಾಪ್ ಮುಂದೆ ಮೀಟಿಂಗಿನಲ್ಲಿರುವ ಅಪ್ಪ ಇದ್ದೂ ಇಲ್ಲದ ಹಾಗೆ. ಅಡುಗೆ ಮಾಡುತ್ತಲೇ ಮಗುವಿನ ಮಾತಿಗೆ ಓಗೊಡುವ ಅಜ್ಜಿ ಇದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಆಮೇಲೆ ಹಣ. ಆಮೇಲೆ ಜೊತೆಗಾರರು, ಅಂದರೆ ನಿಮ್ಮ ಬೀದಿಯಲ್ಲಿ ಆಡುವ ಮಕ್ಕಳು ಇದ್ದಾರೆಯೇ, ಅವರು ಸಂಜೆ ಟ್ಯೂಷನ್ನಿಗೆ ಹೋಗದೆ ಹೊರಗೆ ಬರುತ್ತಾರೆಯೇ ಎಂಬುದು. ಕೊನೆಗೆ ಹತ್ತನೇ ತರಗತಿಯ ಆಚೆ ಯಾವ ಬಾಗಿಲು ತೆರೆದಿರಬೇಕು ಎಂಬುದು. ಮಗುವಿಗೆ ಏನು ಬೇಕು ಅನ್ನುವುದನ್ನು ಬೇರೆಯಾಗಿ ಬರೆಯುತ್ತಿಲ್ಲ. ನಿಮ್ಮ ಹಾಳೆಯ ಬಲಭಾಗವೇ ಅದು.

ಇರುವ ಶಾಲೆಯನ್ನೇ ಸರಿಮಾಡಿಕೊಳ್ಳುವುದು, ಅಥವಾ ಬದಲಿಸುವುದು

ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಟೀಚರ ಜೊತೆ, ಆಮೇಲೆ ಹೆಡ್ ಮೇಡಂ ಜೊತೆ, ದೂರು ಒಯ್ಯದೆ ಮಾತಾಡಿ. ದೊಡ್ಡ ಶಾಲೆಯಿಂದ ಮನೆ ಹತ್ತಿರದ ಚಿಕ್ಕ ಶಾಲೆಗೆ ಬದಲಿಸಿದರೆ ವ್ಯಾನಿನ ಎರಡು ಗಂಟೆ ಮಗುವಿಗೆ ಉಳಿಯುತ್ತದೆ. ಎಷ್ಟೋ ಮಕ್ಕಳಿಗೆ ಬೇಕಾದದ್ದು ಆ ಎರಡು ಗಂಟೆ ಮಾತ್ರ.

ಸರ್ಕಾರಿ ಕನ್ನಡ ಶಾಲೆ

ಮಗಳನ್ನು ಇಲ್ಲಿಗೆ ಸೇರಿಸುವಾಗ ನೆಂಟರೆಲ್ಲ ಬೇಸರಪಟ್ಟರು. ಒಂದರಿಂದ ಮೂರನೇ ತರಗತಿಯವರೆಗೆ ಅಲ್ಲಿ ನಲಿ-ಕಲಿ. ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು; ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆದ ಪ್ರಯೋಗ ಅದಕ್ಕೆ ಪ್ರೇರಣೆ. ಮಗು ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ "ಕಲಿಕಾ ಏಣಿ"ಯ ಪಟದಲ್ಲಿ ತಾನು ಎಲ್ಲಿದ್ದೇನೆ ಎಂದು ನೋಡಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ಗುಂಪಿನಲ್ಲಿ ಕೂರುತ್ತದೆ. ಮಾಡಿದ ಚಿತ್ರ, ಬರೆದ ಹಾಳೆ ತಲೆಯ ಮೇಲಿನ ದಾರದ ಚಪ್ಪರಕ್ಕೆ ಏರುತ್ತದೆ. ಮಗಳ ಮೊದಲ ಕಾಗೆಯ ಚಿತ್ರ ಅಲ್ಲಿ ಇಡೀ ಮಳೆಗಾಲ ತೂಗಿತ್ತು. ದುಬಾರಿ ಶಾಲೆಗಳು ಫೀಸು ತೆಗೆದುಕೊಂಡು ಕೊಡುವ "ತನ್ನ ವೇಗದಲ್ಲಿ ಕಲಿಕೆ" ಅಂದರೆ ಇದೇ.

ಕೊರತೆಯೂ ಇದೆ. ಮೂರು ತರಗತಿಗೆ ಒಬ್ಬರೇ ಟೀಚರು, ಅವರನ್ನೇ ಗಣತಿಗೂ ಚುನಾವಣೆಗೂ ಕಳಿಸುತ್ತಾರೆ. ನಾಲ್ಕನೇ ತರಗತಿಯಿಂದ ಮಾಮೂಲಿ ಪಠ್ಯಪುಸ್ತಕದ ಪಾಠ. ಸಂಜೆ ನಾನು ಇಂಗ್ಲಿಷ್ ಓದಿಸುತ್ತೇನೆ. ಆದರೂ ಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಎಲ್ಲ ಉಚಿತ. ಬೀದಿಯ ಮಕ್ಕಳೇ ಸಹಪಾಠಿಗಳು. ಹತ್ತು ಜನರ ನಡುವೆ ಅರಳುವ ಮಗು ನಿಮ್ಮದಾದರೆ, ಅಲ್ಲಿಯ ಟೀಚರು ಮನಸ್ಸಿಟ್ಟು ಕಲಿಸುವವರಾದರೆ, ಬೇರೆ ಯಾವ ದಾರಿಗಿಂತಲೂ ಮೊದಲು ಇಲ್ಲಿಗೆ ಒಂದು ಸಲ ಹೋಗಿ ಬನ್ನಿ. ಒಂದು ಬೆಳಗಿನ ಹೊತ್ತು ಬಾಗಿಲ ಬಳಿ ಕೂತು ನೋಡಿದರೆ ಸಾಕು, ಗೊತ್ತಾಗುತ್ತದೆ.

ಪರ್ಯಾಯ ಶಾಲೆಗಳು

ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಚಿಂತಕ ಜೆ. ಕೃಷ್ಣಮೂರ್ತಿಯವರ ಪ್ರತಿಷ್ಠಾನದ ವ್ಯಾಲಿ ಸ್ಕೂಲ್ ಇದೆ. ಮಾಂಟೆಸರಿ, ಸ್ಟೈನರ್ ಹಾದಿಯ ಶಾಲೆಗಳೂ ಬೆಂಗಳೂರಿನಲ್ಲಿವೆ. ಚಿಕ್ಕ ತರಗತಿ, ಮರ, ಮಣ್ಣು, ಹೆದರಿಕೆಯಿಲ್ಲದ ಮಕ್ಕಳು. ಆದರೆ ಸೀಟು ಕಡಿಮೆ, ದಾರಿ ದೂರ, ಖರ್ಚು ಹಲವು ಕಡೆ ಮಾಮೂಲಿ ಖಾಸಗಿ ಶಾಲೆಗಿಂತ ಹೆಚ್ಚು. ಹಣವಿದ್ದು ಹೊತ್ತಿಲ್ಲದ ತಂದೆ ತಾಯಿಗೆ ಇದು ಮನೆಪಾಠಕ್ಕಿಂತ ಒಳ್ಳೆಯದು. ಬಹುಪಾಲು ಜಿಲ್ಲೆಗಳವರಿಗೆ ಇದು ಕೈಗೆಟುಕುವುದಿಲ್ಲ, ಆದ್ದರಿಂದ ಮುಂದೆ ಹೋಗೋಣ.

ಮನೆ

ಮೊದಲ ಆರು ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಹಜಾರದಲ್ಲಿ ಬೋರ್ಡು ತೂಗುಹಾಕಿ, ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಪರಿಸರ ಎಂದು ವೇಳಾಪಟ್ಟಿ ಅಂಟಿಸಿದ್ದೆ. ಒಂದು ದಿನ ಕರೆದರೆ ಮಗ ಸಿಗಲಿಲ್ಲ. ಮಹಡಿಯ ಮೇಲೆ ನೀರಿನ ಸಿಂಟೆಕ್ಸ್ ಹಿಂದೆ ಮೊಣಕಾಲು ಅಪ್ಪಿ ಕೂತಿದ್ದ, ಹೊಟ್ಟೆ ಹಿಡಿದುಕೊಂಡು. ಆ ಹೊಟ್ಟೆನೋವು ನನ್ನಿಂದ ಬಂದದ್ದು ಎಂದು ಗೊತ್ತಾದ ಕ್ಷಣ ನಾನು ಅಲ್ಲೇ ಅವನ ಪಕ್ಕ ಕೂತು ಅತ್ತೆ. ಮಾರನೆಯ ದಿನ ವೇಳಾಪಟ್ಟಿ ಕಿತ್ತೆ.

ಈಗ ನಡೆಯುವುದು ಹೀಗೆ. ತಿಂಡಿಯಾದ ಮೇಲೆ ಗಣಿತ ಮತ್ತು ಓದು, ಎರಡೂ ಸೇರಿ ಒಂದೂವರೆ ಗಂಟೆ, ಇದು ತಪ್ಪುವುದಿಲ್ಲ. ಉಳಿದ ಹೊತ್ತು ಅವನ ಕೆಲಸ. ಭಿನ್ನರಾಶಿ ಹತ್ತಿದ್ದು ದೇವರಾಜ ಮಾರುಕಟ್ಟೆಯಲ್ಲಿ. ಕಾಲು ಕೆಜಿ, ಅರ್ಧ, ಮುಕ್ಕಾಲು ಎಂದು ಹಳೆಯ ತಕ್ಕಡಿಯಲ್ಲಿ ಬಟ್ಟು ಬದಲಿಸುವುದನ್ನು ನೋಡುತ್ತಾ, ಮುಕ್ಕಾಲು ಅಂದರೆ ಕಾಲು ಮೂರು ಸಲ ಎಂದು ತಾನೇ ಕಂಡುಕೊಂಡ. ಕನ್ನಡದಲ್ಲಿ ಆ ಪದದೊಳಗೇ ಲೆಕ್ಕ ಇದೆ, ಮೂರು ಕಾಲು. ಬಸ್ಸಿನ ಬೋರ್ಡು ಓದುತ್ತ ಒತ್ತಕ್ಷರದ ಭಯ ಹೋಯಿತು. ಪಠ್ಯಪುಸ್ತಕಕ್ಕೆ ಖರ್ಚಿಲ್ಲ, ರಾಜ್ಯದ ಪುಸ್ತಕಗಳೂ ಎನ್‌ಸಿಇಆರ್‌ಟಿಯವೂ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ.

ಪಾಠಪಟ್ಟಿಯನ್ನೇ ಇಟ್ಟುಕೊಳ್ಳದೆ ಪೂರ್ತಿ ಮಗುವಿನ ಇಷ್ಟಕ್ಕೆ ಬಿಡುವವರೂ ಇದ್ದಾರೆ. ಅಂಥ ಮನೆಗಳಲ್ಲಿ ಚೆನ್ನಾಗಿ ಬೆಳೆದ ಮಕ್ಕಳನ್ನು ನೋಡಿದ್ದೇನೆ, ಆದರೆ ಆ ಮನೆಗಳಲ್ಲಿ ಇಬ್ಬರು ಹಿರಿಯರು ಇಡೀ ದಿನ ಮಗುವಿನ ಸುತ್ತ ಇದ್ದರು. ಒಬ್ಬರೇ ನೋಡಿಕೊಳ್ಳುವ ಮನೆಯಲ್ಲಿ ಗಣಿತ ಮತ್ತು ಓದು ಎಂಬ ಎರಡು ಗೂಟ ನೆಟ್ಟು ಉಳಿದದ್ದನ್ನು ಸಡಿಲ ಬಿಡುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಹಣದ ಮಾತು. "ಫೀಸು ಉಳಿಯುತ್ತಲ್ಲ" ಎಂದು ಎಲ್ಲರೂ ಅನ್ನುತ್ತಾರೆ. ನಮ್ಮ ಲೆಕ್ಕ ಹೇಳುತ್ತೇನೆ. ಶಾಲೆಗೂ ವ್ಯಾನಿಗೂ ವರ್ಷಕ್ಕೆ 80,000 ಕಟ್ಟುತ್ತಿದ್ದೆವು. ಈಗ ಕೀಬೋರ್ಡ್ ಕ್ಲಾಸು, ಈಜು, ಪುಸ್ತಕ, ಓಡಾಟ ಸೇರಿ ಸುಮಾರು 36,000. ಉಳಿದದ್ದು 44,000. ಆದರೆ ನನ್ನ ಸಂಬಳ ತಿಂಗಳಿಗೆ 22,000 ಇತ್ತು. ಈಗ ಮಧ್ಯಾಹ್ನ ಮನೆಯಿಂದಲೇ ಮೂರು ಅಂಗಡಿಗಳ ಲೆಕ್ಕ ಬರೆದು 9,000 ಬರುತ್ತದೆ. ವರ್ಷಕ್ಕೆ 1,56,000 ಕಡಿಮೆ. ಯಜಮಾನರ ಒಂದೇ ಸಂಬಳದಲ್ಲಿ ಇಎಂಐ ಕಟ್ಟಿ ಇದನ್ನು ತಡೆದುಕೊಳ್ಳಲು ನಮಗೆ ಆಯಿತು. ಆಗದ ಮನೆಯವರು ಆಗಲಿಲ್ಲವಲ್ಲ ಎಂದು ಕೊರಗಬೇಕಾಗಿಲ್ಲ.

ಜೊತೆಗಾರರ ಕೊರತೆಯನ್ನು ಮುಚ್ಚಿಡುವುದಿಲ್ಲ. ಸಂಜೆ ಐದೂವರೆಗೆ ಬ್ಯಾಟು ಹಿಡಿದು ಗೇಟಿನ ಬಳಿ ನಿಂತ ಮಗ, ಟ್ಯೂಷನ್ ಮುಗಿಸಿ ಏಳಕ್ಕೆ ಬರುವ ಹುಡುಗರನ್ನು ಕಾದ ದಿನಗಳಿವೆ. ಮನೆಯಲ್ಲಿ ಕಲಿಸುವ ಇನ್ನೆರಡು ಕುಟುಂಬ ಹುಡುಕಿಕೊಂಡ ಮೇಲೆ ಹಗುರವಾಯಿತು; ಗುರುವಾರ ಎಲ್ಲರೂ ಕಾರಂಜಿ ಕೆರೆಯಲ್ಲೋ ರೈಲ್ವೆ ಮ್ಯೂಸಿಯಂನಲ್ಲೋ ಸೇರುತ್ತೇವೆ. ದೇಶದಾದ್ಯಂತದ ಇಂಥ ಕುಟುಂಬಗಳ ಒಕ್ಕೂಟ ಸ್ವಶಿಕ್ಷಣ್ ಎಂಬುದಿದೆ, ಅಂಥವರ ಮೂಲಕ ನಿಮ್ಮ ಊರಿನವರು ಸಿಗಬಹುದು. ಸಿಗದಿದ್ದರೆ, ಮಗು ಜನ ಬಯಸುವಂಥದ್ದಾದರೆ, ಮನೆಪಾಠ ಅದಕ್ಕೆ ಶಿಕ್ಷೆಯಾಗುತ್ತದೆ. ಮಗಳನ್ನು ನಾನು ಮನೆಯಲ್ಲಿ ಇರಿಸಿಕೊಳ್ಳದೆ ಇದ್ದದ್ದು ಇದೇ ಕಾರಣಕ್ಕೆ.

ಕಾನೂನು ಏನು ಹೇಳುತ್ತದೆ

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಮು ಹೇಳುತ್ತದೆ. ಸೇರಿಸದವರಿಗೆ ದಂಡವನ್ನಾಗಲಿ ಶಿಕ್ಷೆಯನ್ನಾಗಲಿ ಕಾಯ್ದೆ ಹೇಳಿಲ್ಲ. ಮನೆಪಾಠಕ್ಕೆ ಅನುಮತಿ ಕೊಡುವ ಕಲಮೂ ಇಲ್ಲ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಬಂದವರು ನಮ್ಮ ಬಾಗಿಲೂ ತಟ್ಟಿದ್ದಾರೆ. ಒಳಗೆ ಕರೆದು, ಕಾಫಿ ಕೊಟ್ಟು, ಮಗನ ನೋಟ್‌ಬುಕ್ಕು ತೋರಿಸಿದೆ. ದಿನಾಂಕ ಹಾಕಿದ ಕೆಲಸದ ಕಡತವೊಂದನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಅವರ ಕೆಲಸ ಅವರು ಮಾಡುತ್ತಿದ್ದಾರೆ, ದುಡಿಯಲು ಹೋದ ಮಕ್ಕಳನ್ನು ಹುಡುಕುವ ಕೆಲಸ ಅದು, ಗೌರವದಿಂದ ಉತ್ತರಿಸಬೇಕು.

ಹತ್ತನೇ ತರಗತಿಯ ಪರೀಕ್ಷೆ: ಮೂರು ದಾರಿ

ಮೊದಲನೆಯದು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ. ವಯಸ್ಸಿನ ನಿಯಮ ಇದೆ, ಅದನ್ನು ನೋಡಿಕೊಳ್ಳಿ. ಖರ್ಚು ಕಡಿಮೆ, ಕನ್ನಡದಲ್ಲೇ ಬರೆಯಬಹುದು, ಪಿಯು ಕಾಲೇಜಿನವರು ಎರಡನೇ ಪ್ರಶ್ನೆ ಕೇಳುವುದಿಲ್ಲ. ಆದರೆ ಆರೂ ವಿಷಯ ಬೇಕೇ ಬೇಕು, ಬರವಣಿಗೆ ಹೆಚ್ಚು.

ಎರಡನೆಯದು ಎನ್‌ಐಒಎಸ್, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಿಂದ ಇರುವ ಕೇಂದ್ರ ಸರ್ಕಾರದ ಮಂಡಳಿ. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು. ಭಾಷೆಯೊಂದು ಸೇರಿ ಐದು ವಿಷಯ ಸಾಕು, ಕನ್ನಡ ಒಂದು ಭಾಷೆಯಾಗಿ ಸಿಗುತ್ತದೆ. ಚಿತ್ರಕಲೆ, ಗೃಹವಿಜ್ಞಾನ, ಕರ್ನಾಟಕ ಸಂಗೀತವೂ ವಿಷಯಗಳಾಗಿ ಇವೆ. ವರ್ಷಕ್ಕೆ ಎರಡು ಸಲ ಪರೀಕ್ಷೆ, ನೋಂದಣಿ ಐದು ವರ್ಷ ಚಾಲ್ತಿ. ಒಂದೊಂದೇ ವಿಷಯವನ್ನು ಮುಗಿಸುತ್ತ ಹೋಗಬಹುದು. ಬರೆಯಲು ಒದ್ದಾಡುವ ನನ್ನ ಮಗನಂಥವರಿಗೆ ಆ ಬಿಡುವೇ ದೊಡ್ಡ ವರ. ನಾವು ಇದನ್ನೇ ಆರಿಸಿದ್ದೇವೆ. ಮುಂದೆ ವಿಜ್ಞಾನ ಓದುವ ಯೋಚನೆ ಸ್ವಲ್ಪವೇ ಇದ್ದರೂ ಗಣಿತ, ವಿಜ್ಞಾನ ಬಿಡಬೇಡಿ, ಸುಲಭ ಎಂದು ಬೇರೆ ವಿಷಯ ತೆಗೆದುಕೊಂಡು ಆಮೇಲೆ ಕೈಹಿಸುಕಿಕೊಳ್ಳಬೇಡಿ. ನಿಮ್ಮ ಊರಿನ ಎರಡು ಪಿಯು ಕಾಲೇಜಿಗೆ ಮೊದಲೇ ಹೋಗಿ ಕೇಳಿಕೊಂಡು ಬನ್ನಿ.

ಮೂರನೆಯದು ಬ್ರಿಟನ್ನಿನ ಕೇಂಬ್ರಿಡ್ಜ್ ಮಂಡಳಿಯ ಐಜಿಸಿಎಸ್‌ಇ. ಖಾಸಗಿ ಅಭ್ಯರ್ಥಿಗಳನ್ನು ಒಪ್ಪುವ ಶಾಲೆ ಹುಡುಕಬೇಕು, ಪ್ರತಿ ವಿಷಯಕ್ಕೂ ದುಬಾರಿ ಶುಲ್ಕ. ವಿದೇಶದಲ್ಲಿ ಓದಿಸುವ ಖಚಿತ ಯೋಚನೆ ಇರುವವರಿಗೆ ಮಾತ್ರ.

ಇನ್ನು, ಯಾರೂ ನಮಗೆ ಮೊದಲು ಹೇಳದೆ ಇದ್ದ ವಿಷಯ ಸಿಇಟಿಯದು, ಅಂದರೆ ಇಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆಯದು. ಸರ್ಕಾರಿ ಸೀಟಿಗೆ ಬಹುಪಾಲು ಮಕ್ಕಳು ಬಳಸುವ ಅರ್ಹತೆ ಎಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಏಳು ವರ್ಷ ಓದಿರುವುದು. ನನ್ನ ಮಗನದ್ದು ಮೂರು ವರ್ಷ ಶಾಲೆ, ಮುಂದೆ ಎರಡು ವರ್ಷ ಪಿಯು, ಒಟ್ಟು ಐದು. ಎರಡು ವರ್ಷ ಕಡಿಮೆ! ತಂದೆ ತಾಯಿಯ ಓದು, ಉದ್ಯೋಗದ ಆಧಾರದ ಮೇಲೆ ಅರ್ಹತೆ ಕೊಡುವ ಬೇರೆ ಕಲಮುಗಳೂ ಇವೆ, ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಕೈಪಿಡಿಯನ್ನು ಸಾಲು ಸಾಲಾಗಿ ಓದಿ ನಿಮಗೆ ಯಾವುದು ಹೊಂದುತ್ತದೆ ನೋಡಿಕೊಳ್ಳಿ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಎರಡಕ್ಕೂ ಒಂದರಿಂದ ಹತ್ತರವರೆಗಿನ ಶಾಲಾ ದಾಖಲೆ ಬೇಕು. ಮನೆಯಲ್ಲಿ ಕನ್ನಡದಲ್ಲೇ ಕಲಿಸಿದರೂ ಅದು ಲೆಕ್ಕಕ್ಕಿಲ್ಲ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದುತ್ತಿರುವ ಮಗುವನ್ನು ಬಿಡಿಸುವವರು ಕಳೆದುಕೊಳ್ಳುವುದು ತುಂಬ ದೊಡ್ಡದು, ಅವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಐಐಟಿಯಂಥ ಸಂಸ್ಥೆಗಳ ಜೆಇಇ, ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ ದಾರಿಗಳಿಗೆ ಈ ಏಳು ವರ್ಷದ ಷರತ್ತು ಇಲ್ಲ, ಆದರೆ ಕಾಮೆಡ್‌ಕೆ ಸೀಟಿನ ಫೀಸು ಬೇರೆಯೇ. ಏಳು ವರ್ಷದ ಈ ತೊಡಕನ್ನು ತಪ್ಪಿಸಲು ಕೆಲವರು ಐದನೇ ತರಗತಿಯವರೆಗೆ ಶಾಲೆಯಲ್ಲಿ ಓದಿಸಿ, ಆಮೇಲೆ ಮನೆ, ಮತ್ತೆ ಪಿಯುಗೆ ಕಾಲೇಜು ಎಂದು ಲೆಕ್ಕ ಹಾಕುತ್ತಾರೆ. ಐದೂ ಎರಡೂ ಏಳು. ನಾನು ಈಗ ಶುರು ಮಾಡುವವಳಾಗಿದ್ದರೆ, ಮಗನ ಹೊಟ್ಟೆನೋವು ಅಷ್ಟು ಕೆಟ್ಟದಾಗಿ ಇರದಿದ್ದರೆ, ಹಾಗೆಯೇ ಮಾಡುತ್ತಿದ್ದೆನೇನೋ.

ಇನ್ನೂ ತೀರ್ಮಾನ ಆಗದಿದ್ದರೆ

ಬೇಸಿಗೆ ರಜೆಯಲ್ಲಿ ಪ್ರಯೋಗ ಮಾಡಿದರೆ ಏನೂ ತಿಳಿಯುವುದಿಲ್ಲ, ಆಗ ಎಲ್ಲ ಮಕ್ಕಳೂ ಖುಷಿಯಾಗಿಯೇ ಇರುತ್ತಾರೆ. ಜೂನ್ ಅಥವಾ ಜುಲೈನಲ್ಲಿ, ಬೀದಿಯ ಮಕ್ಕಳೆಲ್ಲ ಶಾಲೆಗೆ ಹೋದಾಗ, ಟೀಚರಿಗೆ ಹೇಳಿ ಒಂದು ವಾರ ರಜೆ ಕೇಳಿ. ಹನ್ನೊಂದು ಗಂಟೆಗೆ ಮನೆ ಹೇಗಿರುತ್ತದೆ, ಮಗು ಏನು ಮಾಡುತ್ತದೆ, ನಿಮ್ಮ ದನಿ ಎಷ್ಟು ಸಲ ಏರುತ್ತದೆ ಎಂದು ಬರೆದಿಡಿ. ಆ ವಾರ ಕಳೆದ ಮೇಲೆ ಹಾಳೆಯ ಬಲಗಡೆ ಮತ್ತೆ ನೋಡಿ.

ಬಿಡಿಸುವುದೇ ಸರಿ ಎಂದಾದರೆ ಟಿ.ಸಿ. ತರುವ ದಿನ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ ಎರಡನ್ನೂ ಕೇಳಿ ಪಡೆಯಿರಿ. ಮುಂದೆ ಆ ವರ್ಷಗಳನ್ನು ತೋರಿಸಬೇಕಾಗುತ್ತದೆ. ಮಗುವಿನ ಸ್ಯಾಟ್ಸ್ ನಂಬರನ್ನು (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ವಿದ್ಯಾರ್ಥಿಗೆ ಕೊಟ್ಟ ಸಂಖ್ಯೆ) ಡೈರಿಯಲ್ಲಿ ಬರೆದುಕೊಳ್ಳಿ. ಒಂದು ವರ್ಷವಾದ ಮೇಲೆ ಸರಿಹೋಗಲಿಲ್ಲ ಎನಿಸಿದರೆ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ನಿಮ್ಮ ನೆರವಿಗಿದೆ: ಎಂಟನೇ ತರಗತಿಯವರೆಗೆ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ನಮ್ಮ ಗುರುವಾರದ ಗುಂಪಿನ ಹುಡುಗಿಯೊಬ್ಬಳು ಹೋದ ಜೂನ್‌ನಲ್ಲಿ ಹಾಗೆಯೇ ಏಳನೇ ತರಗತಿಗೆ ಸೇರಿದಳು. ಈಗ ಗುರುವಾರ ಬರಲಾಗುವುದಿಲ್ಲವೆಂದು ಭಾನುವಾರ ಸಂಜೆ ಬಂದು, ತನ್ನ ಶಾಲೆಯ ಕಬಡ್ಡಿ ತಂಡದ ಸುದ್ದಿಯನ್ನೆಲ್ಲ ನನ್ನ ಮಗನಿಗೆ ಹೇಳಿ ಹೋಗುತ್ತಾಳೆ.